ಹೋಗಲು 21 ನಿಮಿಷ, ಬರಲು 11 ನಿಮಿಷ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ಪುರವಣಿಯಲ್ಲಿ ಪ್ರಾದೇಶಿಕ ವಿಮಾನ ನಿಲ್ದಾಣಗಳ ನಡುವಿನ ದೂರ ಹಾಗೂ ಹಾರಾಟದ ಅವಧಿಯನ್ನು ತಿಳಿಸುವ ಒಂದು ಕೋಷ್ಟಕ ಪ್ರಕಟವಾಗಿತ್ತು. ಅದರ ಆರನೆಯ ಸಾಲಿನಲ್ಲಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ದೂರ 280, ಅವಧಿ 21 ನಿಮಿಷ ಎಂದಿದೆ. ಅದೇ ಜೋಡಿ ತಿರುವುಮುರುವಾಗಿ ಹದಿನೇಳನೆಯ ಸಾಲಿನಲ್ಲಿ ಮತ್ತೆ ಕಾಣಿಸಿಕೊಂಡಿದ್ದು, ಅಲ್ಲಿ ದೂರ 151, ಅವಧಿ 11 ನಿಮಿಷ ಎಂದಾಗಿದೆ. ನಮ್ಮ ಪಕ್ಕದ ಮನೆಯವರು ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು, ‘ಬರುವಾಗ ಇಳಿಜಾರೇನ್ರೀ?’ ಎಂದು ಕೇಳಿದರು. ವಿಮಾನಗಳ ಹಾರಾಟ ಯೋಜನೆ ಸಿದ್ಧಪಡಿಸುವ ಕೊಠಡಿಯಲ್ಲಿ ಬಹಳ ವರ್ಷ ಕೂತು ನಿವೃತ್ತನಾದವನು ಎಂಬ ಕಾರಣಕ್ಕೆ ಇಂಥ ಪ್ರಶ್ನೆಗಳು ನನ್ನ ಪಾಲಿಗೆ ಬರುವುದು ವಾಡಿಕೆ. ನಗುತ್ತಲೇ ಉತ್ತರಿಸಿದೆನಾದರೂ ಆ ಕೋಷ್ಟಕವನ್ನು ನಂಬಿ ಯಾರಾದರೂ ಮುಂದಿನ ಪ್ರಯಾಣಕ್ಕೆ ಟಿಕೆಟ್ ಮಾಡಿಸಿಯಾರು ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ 151ರ ವಿಚಾರ. ಅದು ಅಚ್ಚಿನ ದೋಷವಲ್ಲ. 280 ಕಿಲೋಮೀಟರನ್ನು 1.852ರಿಂದ ಭಾಗಿಸಿದರೆ ಬರುವುದು 151. ಅಂದರೆ ಒಂದು ಸಾಲಿನ ಅಂಕಿ ಕಿಲೋಮೀಟರಿನಲ್ಲಿದೆ, ಇನ್ನೊಂದು ಸಾಲಿನದು ನಾಟಿಕಲ್ ಮೈಲಿಯಲ್ಲಿದೆ. ಎರಡನ್ನೂ ಒಂದೇ ಅಂಕಣದಲ್ಲಿ ಕೂರಿಸಿ, ಎರಡನ್ನೂ ಗಂಟೆಗೆ 800 ಎಂಬ ಒಂದೇ ವೇಗದಿಂದ ಭಾಗಿಸಿದ್ದರಿಂದ 21 ಮತ್ತು 11 ಹುಟ್ಟಿಕೊಂಡಿವೆ. ನಾಟಿಕಲ್ ಮೈಲಿ ಎಂಬುದು ಹಡಗಿನವರಿಂದ ವಿಮಾನದವರಿಗೆ ಬಂದ ಬಳುವಳಿ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಅದರ ಒಂದು ಭಾಗ ಭೂಮಿಯ ಮೇಲೆ ಎಷ್ಟು ಉದ್ದವೋ ಅಷ್ಟು ಅದರ ಅಳತೆ. 1929ರಲ್ಲಿ ಮೊನಾಕೊದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದನ್ನು 1,852 ಮೀಟರ್ ಎಂದು ನಿಗದಿಪಡಿಸಲಾಯಿತು. ಗಂಟೆಗೆ ಒಂದು ನಾಟಿಕಲ್ ಮೈಲಿ ಸಾಗಿದರೆ ಅದು ಒಂದು ನಾಟ್, ಅಂದರೆ ಗಂಟು. ಹಿಂದೆ ಹಡಗಿನಿಂದ ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ನಿಗದಿತ ಹೊತ್ತಿನಲ್ಲಿ ಎಷ್ಟು ಗಂಟು ಕೈಜಾರಿದವು ಎಂದು ಎಣಿಸುತ್ತಿದ್ದ ಕಾಲದ ಮಾತು ಇವತ್ತಿಗೂ ವಿಮಾನದ ಚಾಲಕರ ಬಾಯಲ್ಲಿ ಉಳಿದಿದೆ. ವೈಮಾನಿಕ ದಾಖಲೆಗಳಿಂದ ಅಂಕಿ ಎತ್ತಿಕೊಳ್ಳುವವರು ಅದು ಯಾವ ಮೈಲಿ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಮಾಮೂಲಿ ಮೈಲಿಯಾದರೆ ಅದು 1.609 ಕಿಲೋಮೀಟರ್ ಮಾತ್ರ.

ಆದರೆ ನನ್ನ ದೂರು ಈ ತಪ್ಪಿನ ಬಗ್ಗೆ ಅಲ್ಲ. ಇದನ್ನು ಒಂದು ಸಾಲಿನ ತಿದ್ದುಪಡಿಯಲ್ಲಿ ಸರಿಪಡಿಸಬಹುದು. 151ನ್ನು ತಿದ್ದಿ ಎರಡೂ ಸಾಲಿನಲ್ಲಿ 280 ಕಿಲೋಮೀಟರ್, 21 ನಿಮಿಷ ಎಂದು ಮುದ್ರಿಸಿದರೂ ಓದುಗರಿಗೆ ತಪ್ಪು ಮಾಹಿತಿಯೇ ಹೋಗುತ್ತದೆ ಎಂಬುದು ನನ್ನ ದೂರು. ಎರಡು ನಿಲ್ದಾಣಗಳ ನಡುವಿನ ದೂರವನ್ನು ವಿಮಾನದ ವೇಗದಿಂದ ಭಾಗಿಸಿದರೆ ಸಿಗುವ ಕಾಲದಲ್ಲಿ ಯಾವ ವಿಮಾನವೂ, ಯಾವ ಪ್ರಯಾಣಿಕನೂ ಆ ದಾರಿಯನ್ನು ಕ್ರಮಿಸುವುದಿಲ್ಲ.

280 ಎಂಬ ದೂರವನ್ನೇ ಮೊದಲು ನೋಡೋಣ. ಇದು ಭೂಮಿಯ ಬಾಗಿದ ಮೈಮೇಲೆ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ. ಇದನ್ನು ಮಹಾವೃತ್ತದ ದೂರ ಎನ್ನುತ್ತಾರೆ. ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಭೂಮಿಯ ತ್ರಿಜ್ಯವನ್ನು ಸರಾಸರಿ 6,371 ಕಿಲೋಮೀಟರ್ ಎಂದಿಟ್ಟುಕೊಂಡು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಭೂಮಿ ಧ್ರುವಗಳ ಬಳಿ ತುಸು ಚಪ್ಪಟೆಯಾಗಿರುವುದರಿಂದ ಈ ಲೆಕ್ಕದಲ್ಲಿ ಹೆಚ್ಚೆಂದರೆ ಶೇ 0.5ರಷ್ಟು ವ್ಯತ್ಯಾಸ ಬರಬಹುದು. 280ಕ್ಕೆ ಅದು ಒಂದೂವರೆ ಕಿಲೋಮೀಟರನ್ನೂ ಮುಟ್ಟುವುದಿಲ್ಲ. ರೇಖಾಂಶದ ಒಂದು ಡಿಗ್ರಿಯನ್ನು ಎಲ್ಲ ಕಡೆಯೂ 111 ಕಿಲೋಮೀಟರ್ ಎಂದು ಎಣಿಸುವವರು ಮಾತ್ರ ದೊಡ್ಡ ತಪ್ಪು ಮಾಡುತ್ತಾರೆ. ಅಷ್ಟು ದೂರ ಇರುವುದು ಸಮಭಾಜಕ ವೃತ್ತದ ಮೇಲೆ. 60 ಡಿಗ್ರಿ ಅಕ್ಷಾಂಶಕ್ಕೆ ಹೋಗುವಷ್ಟರಲ್ಲಿ ಅದು ಅರ್ಧಕ್ಕೆ ಇಳಿದಿರುತ್ತದೆ. ವಿಮಾನ ಅಷ್ಟು ಎತ್ತರದಲ್ಲಿ ಹಾರುವುದರಿಂದ ದೂರ ಹೆಚ್ಚಾಗುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ. ಹೆಚ್ಚಾಗುತ್ತದೆ, ಆದರೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರಿದರೂ 280ಕ್ಕೆ ಸೇರುವುದು ಅರ್ಧ ಕಿಲೋಮೀಟರಿಗಿಂತ ಕಡಿಮೆ. ಹೀಗೆ, ಗಣಿತದ ಮಟ್ಟಿಗೆ ತಮ್ಮ ಕೋಷ್ಟಕದ ದೂರ ಸರಿಯಾಗಿಯೇ ಇದೆ.

ಆದರೆ ವಿಮಾನ ಆ ಗೆರೆಯ ಮೇಲೆ ಹಾರುವುದಿಲ್ಲ. ಆಕಾಶದಲ್ಲೂ ದಾರಿಗಳಿವೆ, ಕೂಡುರಸ್ತೆಗಳಿವೆ. ಬಾಯಲ್ಲಿ ಸಲೀಸಾಗಿ ಹೇಳಲು ಬರುವ ಐದಕ್ಷರದ ಹೆಸರಿಟ್ಟ ವೇಪಾಯಿಂಟ್‌ಗಳನ್ನು, ಅಂದರೆ ದಾರಿಯಲ್ಲಿ ಮೊದಲೇ ಗುರುತಿಸಿಟ್ಟ ಬಿಂದುಗಳನ್ನು, ಒಂದಾದ ಮೇಲೊಂದು ದಾಟಿಕೊಂಡು, ಸೇನೆಗೆ ಮೀಸಲಾದ ವಾಯುಪ್ರದೇಶವಿದ್ದರೆ ಅದರೊಳಗೆ ಹೋಗದೆ ಸುತ್ತುಹಾಕಿಕೊಂಡು ವಿಮಾನ ಸಾಗಬೇಕು. ಏರುವಾಗಿನ ದಾರಿ, ಇಳಿಯುವಾಗಿನ ದಾರಿ ಎರಡೂ ಮೊದಲೇ ಬರೆದಿಟ್ಟ ಕ್ರಮದಲ್ಲಿರುತ್ತವೆ. ಇದರ ಮೇಲೆ ರನ್‌ವೇಯ ದಿಕ್ಕು ಬೇರೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿ ಇಳಿಯಬೇಕು. ಹೋಗಬೇಕಾದ ಊರು ಪೂರ್ವಕ್ಕಿದ್ದು ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ ಮೊದಲು ಪಶ್ಚಿಮಕ್ಕೆ ಏರಿ, ಸಾಕಷ್ಟು ಎತ್ತರ ಗಳಿಸಿ, ಆಮೇಲೆ ತಿರುಗಿಕೊಂಡು ಪೂರ್ವಕ್ಕೆ ಹೊರಡಬೇಕಾಗುತ್ತದೆ. 151 ನಾಟಿಕಲ್ ಮೈಲಿಯ ಜೋಡಿಗೆ ನಾವು ಯೋಜನೆ ಬರೆಯುವಾಗ ಹತ್ತು ಹದಿನೈದು ಮೈಲಿ ಹೆಚ್ಚು ಬರುವುದು ತೀರಾ ಸಾಮಾನ್ಯವಾಗಿತ್ತು.

ಇನ್ನು ವೇಗ. ಗಂಟೆಗೆ 800 ಕಿಲೋಮೀಟರ್ ಎಂಬುದು ಜೆಟ್ ವಿಮಾನ ಎತ್ತರದಲ್ಲಿ ಸಮವೇಗದಿಂದ ಸಾಗುವಾಗಿನ ಮಾತು. ಪ್ರಾದೇಶಿಕ ನಿಲ್ದಾಣಗಳ ನಡುವೆ ಬಹಳಷ್ಟು ಕಡೆ ಹಾರುವುದು ಎಟಿಆರ್ 72ರಂಥ, ಪ್ರೊಪೆಲ್ಲರ್ ಇರುವ ಟರ್ಬೊಪ್ರಾಪ್ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಆ ಲೆಕ್ಕದಲ್ಲೇ 21 ನಿಮಿಷ 34 ನಿಮಿಷಕ್ಕೆ ಏರುತ್ತದೆ. ಹಾಗಾದರೆ ಜೆಟ್ ಬಂದರೆ 21 ನಿಮಿಷದಲ್ಲಿ ಮುಗಿಯುತ್ತದೆಯೇ? ಮುಗಿಯುವುದಿಲ್ಲ, ಮತ್ತು ಅದು ಯಾಕೆ ಎಂಬುದು ನನ್ನ ಮಟ್ಟಿಗೆ ಈ ಇಡೀ ವಿಷಯದ ಸ್ವಾರಸ್ಯಕರ ಭಾಗ.

ಜೆಟ್ ವಿಮಾನ 30,000 ಅಡಿಗೆ ಏರಲು ಸುಮಾರು ನೂರು ನಾಟಿಕಲ್ ಮೈಲಿ ದಾರಿ ಬೇಕು. ಇಳಿಯುವುದಕ್ಕೆ ಚಾಲಕರು ಬಾಯಿಲೆಕ್ಕದ ಒಂದು ಸೂತ್ರ ಇಟ್ಟುಕೊಂಡಿರುತ್ತಾರೆ: ಪ್ರತಿ ಸಾವಿರ ಅಡಿಗೆ ಮೂರು ಮೈಲಿ. ಅಂದರೆ 30,000 ಅಡಿಯಿಂದ ಇಳಿಯಲು ತೊಂಬತ್ತು ಮೈಲಿ. ನೂರು ಮತ್ತು ತೊಂಬತ್ತನ್ನು ಕೂಡಿದರೆ 190. ನಮ್ಮ ಬಳಿ ಇರುವ ದಾರಿಯೇ 151. ಏರಿ ಮುಗಿಯುವ ಮುಂಚೆಯೇ ಇಳಿಯಲು ಆರಂಭಿಸಬೇಕಾದ ಪರಿಸ್ಥಿತಿ ಇದು. ಆದ್ದರಿಂದ ಜೆಟ್ ಕೂಡ ಇಂಥ ದಾರಿಯಲ್ಲಿ ಕಡಿಮೆ ಎತ್ತರವನ್ನೇ ಆರಿಸಿಕೊಂಡು, ಅಲ್ಲಿ ಕೆಲವೇ ನಿಮಿಷ ನೇರವಾಗಿ ಸಾಗಿ ಇಳಿಯತೊಡಗುತ್ತದೆ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮೀರಬಾರದೆಂಬ ಮಿತಿಯೂ ಇದೆ. ಅದು ಗಂಟೆಗೆ 463 ಕಿಲೋಮೀಟರ್. ಹೀಗಾಗಿ 800 ಎಂಬ ವೇಗ ಈ ದಾರಿಯಲ್ಲಿ ಬಂದರೂ ಬಂದು ಹೋಗುವ ಅತಿಥಿ. ಹದಿನೇಳು ಹದಿನೆಂಟು ಸಾವಿರ ಅಡಿಯಲ್ಲೇ ಆರಾಮವಾಗಿ ಸಾಗುವ ಟರ್ಬೊಪ್ರಾಪ್‌ಗೂ, ಒಂದೂವರೆ ಪಟ್ಟಿಗಿಂತ ಹೆಚ್ಚು ವೇಗವಿರುವ ಜೆಟ್‌ಗೂ ಇಷ್ಟು ಚಿಕ್ಕ ದಾರಿಯಲ್ಲಿ ಉಳಿಯುವ ಅಂತರ ಬೆರಳೆಣಿಕೆಯ ನಿಮಿಷಗಳು. ಕಡಿಮೆ ಇಂಧನ ಸಾಕಾಗುವ ಟರ್ಬೊಪ್ರಾಪ್ ಇಂಥ ದಾರಿಗಳಲ್ಲಿ ಉಳಿದುಕೊಂಡಿರುವುದು ಈ ಕಾರಣಕ್ಕೇ.

ಗಾಳಿಯ ವಿಷಯಕ್ಕೆ ಬಂದರೆ, ಹೋಗುವ ಮತ್ತು ಬರುವ ಅವಧಿ ಬೇರೆ ಬೇರೆ ಇರುವುದು ತನ್ನಷ್ಟಕ್ಕೆ ತಪ್ಪೇನಲ್ಲ ಎಂಬುದನ್ನೂ ಹೇಳಬೇಕು. ಪಕ್ಕದ ಮನೆಯವರ ಇಳಿಜಾರಿನ ಮಾತಿನಲ್ಲಿ ಅಷ್ಟರಮಟ್ಟಿಗೆ ಸತ್ಯವಿದೆ. ಟರ್ಬೊಪ್ರಾಪ್ ವಿಮಾನಕ್ಕೆ ಎದುರಿನಿಂದ ಗಂಟೆಗೆ 80 ಕಿಲೋಮೀಟರ್ ಗಾಳಿ ಇದ್ದರೆ ನೆಲದ ಮೇಲಿನ ಅದರ ವೇಗ 500ರಿಂದ 420ಕ್ಕೆ ಇಳಿಯುತ್ತದೆ, ಹಿಂದಿನಿಂದ ಇದ್ದರೆ 580ಕ್ಕೆ ಏರುತ್ತದೆ. 280 ಕಿಲೋಮೀಟರಿಗೆ ಒಂದು ಕಡೆ 40 ನಿಮಿಷ, ಇನ್ನೊಂದು ಕಡೆ 29 ನಿಮಿಷ. ಹೋದದ್ದು ಬಂದದ್ದು ಸೇರಿ ಸರಿತೂಗುತ್ತದೆ ಎಂದು ಅನ್ನಿಸಬಹುದು, ಆದರೆ ಸರಿತೂಗುವುದಿಲ್ಲ: ಗಾಳಿಯಿಲ್ಲದಿದ್ದರೆ ಒಟ್ಟು 67 ನಿಮಿಷ, ಗಾಳಿಯಿದ್ದರೆ 69. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ಕಳೆದುಕೊಂಡದ್ದೇ ಹೆಚ್ಚಾಗುತ್ತದೆ. ದೂರದ ದಾರಿಯಲ್ಲಿ ಗಾಳಿಯ ಕೈವಾಡ ಎಷ್ಟೆಂಬುದಕ್ಕೆ 2020ರ ಫೆಬ್ರುವರಿಯ ಒಂದು ಹಾರಾಟ ಸಾಕ್ಷಿ. ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಹೊರಟ ಬೋಯಿಂಗ್ 747 ವಿಮಾನ ಬಿರುಗಾಳಿಯ ಬಲದಿಂದ 4 ಗಂಟೆ 56 ನಿಮಿಷದಲ್ಲೇ ತಲುಪಿತು. ಅದು ಶಬ್ದದ ವೇಗ ಮೀರದ ಪ್ರಯಾಣಿಕ ವಿಮಾನಗಳ ಮಟ್ಟಿಗೆ ಆ ದಾರಿಯಲ್ಲಿ ದಾಖಲೆ. ಚಿಕ್ಕ ದಾರಿಯಲ್ಲಿ ಇಷ್ಟು ನಾಟಕೀಯವಾಗಿ ಏನೂ ಆಗುವುದಿಲ್ಲ. ಆದರೂ ಐದು ಹತ್ತು ನಿಮಿಷದ ಏರುಪೇರು ವೇಳಾಪಟ್ಟಿಯಲ್ಲೇ ಕಾಣುತ್ತದೆ.

ಈ ಎಲ್ಲವನ್ನೂ ಸೇರಿಸಿದ ಮೇಲೂ ನಾವು ಇನ್ನೂ ಗಾಳಿಯಲ್ಲೇ ಇದ್ದೇವೆ. ಪ್ರಯಾಣಿಕ ನೆಲದ ಮೇಲೆ ಕಳೆಯುವ ಹೊತ್ತು ಕೋಷ್ಟಕದಲ್ಲಿ ಎಲ್ಲೂ ಇಲ್ಲ. ತಮ್ಮ ಪುರವಣಿ ಬಂದ ಮೂರನೆಯ ದಿನ ಕಾಕತಾಳೀಯವಾಗಿ ನಾನೇ ಆ ಎರಡು ನಿಲ್ದಾಣಗಳ ನಡುವೆ ಪ್ರಯಾಣ ಮಾಡಬೇಕಾಗಿ ಬಂತು. ಹಳೆಯ ಚಟದಿಂದ ಪುಟ್ಟ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಹೊತ್ತು ಬರೆದುಕೊಂಡೆ. ಟಿಕೆಟಿನಲ್ಲಿ ಹೊರಡುವ ವೇಳೆ 10.10, ತಲುಪುವ ವೇಳೆ 11.15. ಬಾಗಿಲು ಮುಚ್ಚಿದ್ದು 10.05ಕ್ಕೆ. ಚಕ್ರಗಳಿಗೆ ಕೊಟ್ಟಿದ್ದ ಅಡ್ಡಗಟ್ಟಿಗಳನ್ನು ತೆಗೆದು ವಿಮಾನ ಅಲುಗಿದ್ದು 10.11ಕ್ಕೆ. ಅದು ಚಿಕ್ಕ ನಿಲ್ದಾಣ. ರನ್‌ವೇಗೆ ಸಮಾನಾಂತರವಾದ ಟ್ಯಾಕ್ಸಿ ದಾರಿ, ಅಂದರೆ ವಿಮಾನ ನೆಲದ ಮೇಲೆ ಸಾಗುವ ದಾರಿ, ಅಲ್ಲಿಲ್ಲ. ಹಾಗಾಗಿ ವಿಮಾನ ರನ್‌ವೇಯ ನಡುವೆ ಪ್ರವೇಶಿಸಿ, ಏರಬೇಕಾದ ದಿಕ್ಕಿಗೆ ಬೆನ್ನು ಹಾಕಿ, ಎತ್ತಿನಗಾಡಿಯ ಗಾಂಭೀರ್ಯದಿಂದ ತುದಿಯವರೆಗೆ ಸಾಗಿ, ಅಲ್ಲಿ ಪೂರ್ತಿ ಹೊರಳಿ ನಿಂತಿತು. ಇದನ್ನು ನಮ್ಮವರು ಬ್ಯಾಕ್‌ಟ್ರ್ಯಾಕ್ ಎನ್ನುತ್ತಾರೆ. ಪಕ್ಕದ ಸೀಟಿನ ಹುಡುಗ, ‘ದಾರಿ ತಪ್ಪಿತಾ ಅಂಕಲ್?’ ಎಂದು ನನ್ನನ್ನು ಕೇಳಿದ. ಚಕ್ರ ನೆಲ ಬಿಟ್ಟಾಗ 10.19. ನೆಲ ಮುಟ್ಟಿದ್ದು 10.59. ನಿಗದಿತ ಜಾಗದಲ್ಲಿ ನಿಂತು ಪ್ರೊಪೆಲ್ಲರುಗಳ ಸದ್ದು ಇಳಿಯತೊಡಗಿದ್ದು 11.04ಕ್ಕೆ. ಗಗನಸಖಿ ಹನ್ನೊಂದು ನಿಮಿಷ ಮುಂಚಿತವಾಗಿ ತಲುಪಿದ್ದೇವೆ ಎಂದು ಪ್ರಕಟಿಸಿದಾಗ ಕೆಲವರ ಮುಖ ಅರಳಿತು.

ಈ ಒಂದೇ ಹಾರಾಟಕ್ಕೆ ಎಷ್ಟು ಅವಧಿಗಳಿವೆ ನೋಡಿ. ಗಾಳಿಯಲ್ಲಿದ್ದದ್ದು 40 ನಿಮಿಷ. ಅಡ್ಡಗಟ್ಟಿ ತೆಗೆದಾಗಿನಿಂದ ಮತ್ತೆ ನಿಲ್ಲುವವರೆಗೆ 53 ನಿಮಿಷ. ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಟಿಕೆಟಿನ ಪ್ರಕಾರ ಒಂದು ಗಂಟೆ ಐದು ನಿಮಿಷ. ಹಾರಾಟ ಯೋಜನೆಯ ಅರ್ಜಿಯಲ್ಲಿ ನಾವು ತುಂಬುತ್ತಿದ್ದದ್ದು ನಾಲ್ಕನೆಯ ಅಂಕಿ. ಅದು ನೆಲ ಬಿಟ್ಟಾಗಿನಿಂದ ಇಳಿಯುವ ಕ್ರಮ ಆರಂಭಿಸುವ ಬಿಂದುವನ್ನು ತಲುಪುವವರೆಗಿನ ಅಂದಾಜು. ತಮ್ಮ ಕೋಷ್ಟಕದ 21 ನಿಮಿಷ ಇವುಗಳಲ್ಲಿ ಯಾವುದೂ ಅಲ್ಲ. ಟಿಕೆಟಿನ ವೇಳೆಯಲ್ಲಿ ಕಾಣುವ ಹನ್ನೆರಡು ನಿಮಿಷದ ಹೆಚ್ಚಳವನ್ನು ಮೋಸ ಎಂದು ಕೆಲವರು ಬಯ್ಯುತ್ತಾರೆ. ನಿಗದಿತ ವೇಳೆ ಮೀರಿದರೂ ಹದಿನೈದು ನಿಮಿಷದೊಳಗೆ ತಲುಪಿದರೆ ಸಕಾಲ ಎಂದು ಎಣಿಸುವ ಪದ್ಧತಿ ಇರುವಾಗ ಸಂಸ್ಥೆಗಳು ತುಸು ಹೆಚ್ಚೇ ಸೇರಿಸಿಕೊಳ್ಳುತ್ತವೆ ಎಂಬುದು ನಿಜ. ಆದರೂ ಆ ಹೆಚ್ಚಳ ಬರೀ ಆತ್ಮರಕ್ಷಣೆಯಲ್ಲ. ಎದುರುಗಾಳಿ ಇರುವ ದಿನ, ಇಳಿಯಲು ಸರದಿ ಕಾಯುತ್ತಾ ಸುತ್ತು ಹಾಕಬೇಕಾದ ದಿನ, ರನ್‌ವೇ ಕಾಣದೆ ಮತ್ತೊಮ್ಮೆ ಮೇಲೇರಿ ಬರಬೇಕಾದ ದಿನ, ಎಲ್ಲವನ್ನೂ ಅದೇ ಒಂದು ಅಂಕಿ ಹೊರಬೇಕು. ಅಂಥ ದಿನಗಳಿಗೆಂದೇ ಜೆಟ್ ಮತ್ತು ಟರ್ಬೊಪ್ರಾಪ್ ವಿಮಾನಗಳು ಪರ್ಯಾಯ ನಿಲ್ದಾಣಕ್ಕೆ ಹೋಗಲು ಬೇಕಾದ ಇಂಧನವಲ್ಲದೆ, ಅದರ ಮೇಲೆ ಕೊನೆಯ ಮೀಸಲಾಗಿ ಇನ್ನೂ 30 ನಿಮಿಷದ ಇಂಧನವನ್ನು ಹೊತ್ತೇ ಹೊರಡುತ್ತವೆ. ಇಂಧನದ ಲೆಕ್ಕದಲ್ಲಿ ಇಷ್ಟು ಎಚ್ಚರ ವಹಿಸುವ ಕ್ಷೇತ್ರದ ಅಂಕಿಗಳನ್ನು ನಾವು 800ರಿಂದ ಭಾಗಿಸಿ ಮುಗಿಸಿಬಿಡುವುದು ಸರಿಯಲ್ಲ.

ಕೋಷ್ಟಕದ ಕೆಳಗಿನ ಟಿಪ್ಪಣಿಯಲ್ಲಿ, ರಸ್ತೆಯಲ್ಲಿ ಏಳು ಗಂಟೆ ಹಿಡಿಯುವ ದಾರಿ ವಿಮಾನದಲ್ಲಿ 21 ನಿಮಿಷ ಎಂದು ಹೋಲಿಸಲಾಗಿದೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ ಮಾತು. ರಸ್ತೆಯ ಲೆಕ್ಕದಲ್ಲಿ ತಿರುವು, ಬಳಸು, ನಡುವಿನ ವಿಶ್ರಾಂತಿ ಎಲ್ಲವೂ ಸೇರಿವೆ. ರಸ್ತೆಯ ದೂರ ಸಾಮಾನ್ಯವಾಗಿ ನೇರ ದೂರಕ್ಕಿಂತ ಶೇ 20ರಿಂದ 40ರಷ್ಟು ಹೆಚ್ಚೇ ಇರುತ್ತದೆ. ವಿಮಾನದ ಲೆಕ್ಕದಲ್ಲಾದರೋ ನೇರ ಗೆರೆಯೂ ಎಂದೂ ಕುಂದದ ವೇಗವೂ ಬಿಟ್ಟರೆ ಬೇರೇನೂ ಇಲ್ಲ. ಮನೆಯಿಂದ ನಿಲ್ದಾಣಕ್ಕೆ ಹೋಗುವುದು, ತಪಾಸಣೆಗೆ ಮುಂಚಿತವಾಗಿ ಹಾಜರಿರುವುದು, ಸಾಮಾನು ಬರುವವರೆಗೆ ಪಟ್ಟಿಯ ಬಳಿ ನಿಲ್ಲುವುದು, ಅಲ್ಲಿಂದ ಊರಿಗೆ ಹೋಗುವುದು, ಇವುಗಳನ್ನು ಸೇರಿಸಿದರೆ ನನ್ನ 40 ನಿಮಿಷದ ಹಾರಾಟ ಮನೆಬಾಗಿಲಿಂದ ಮನೆಬಾಗಿಲಿಗೆ ಮೂರು ಮುಕ್ಕಾಲು ಗಂಟೆಯಾಯಿತು. ಆದರೂ ಏಳು ಗಂಟೆಗಿಂತ ಅದು ಎಷ್ಟೋ ವಾಸಿ. ವಿಮಾನವನ್ನು ಸಮರ್ಥಿಸಲು ಅಷ್ಟೇ ಸಾಕಿತ್ತು. ಪ್ರಾದೇಶಿಕ ನಿಲ್ದಾಣಗಳ ವಿಷಯದಲ್ಲಿ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ಹಾನ್ ನಿಲ್ದಾಣ ಫ್ರಾಂಕ್‌ಫರ್ಟ್ ನಗರದಿಂದ ಸುಮಾರು 120 ಕಿಲೋಮೀಟರ್ ಆಚೆಗಿದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ಸ್ಕಾವ್ಸ್ಟಾ ನಿಲ್ದಾಣ ಸ್ಟಾಕ್‌ಹೋಮ್ ನಗರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಅಂಥ ಕಡೆ ನಗರಗಳ ನಡುವಿನ ದೂರವೇ ಬೇರೆ, ನಿಲ್ದಾಣಗಳ ನಡುವಿನ ದೂರವೇ ಬೇರೆ. ಕೋಷ್ಟಕದಲ್ಲಿ ಯಾವುದನ್ನು ಅಳೆದಿದ್ದೇವೆ ಎಂದು ಹೇಳದಿದ್ದರೆ ಓದುಗ ತನಗೆ ಬೇಕಾದದ್ದನ್ನು ಊಹಿಸಿಕೊಳ್ಳುತ್ತಾನೆ.

ಭಾಗಾಕಾರದ ಲೆಕ್ಕ ವಾಸ್ತವಕ್ಕೆ ಹತ್ತಿರ ಬರುವ ದಾರಿ ಜಗತ್ತಿನಲ್ಲಿ ಎಲ್ಲೂ ಇಲ್ಲವೇ ಎಂದರೆ, ಒಂದಿದೆ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವಿನ ದೂರ 2.7 ಕಿಲೋಮೀಟರ್, ಅಂದರೆ ದೊಡ್ಡ ನಿಲ್ದಾಣವೊಂದರ ರನ್‌ವೇಯ ಉದ್ದ. 1967ರಿಂದ ಅಲ್ಲಿ ಪುಟ್ಟ ವಿಮಾನ ಓಡಾಡುತ್ತಿದ್ದು, ಜಗತ್ತಿನ ಅತಿ ಚಿಕ್ಕ ನಿಯಮಿತ ಹಾರಾಟವೆಂದು ಹೆಸರಾಗಿದೆ. ಅಲ್ಲಿಯ ದಾಖಲೆ 53 ಸೆಕೆಂಡ್. ತಮ್ಮ ಕೋಷ್ಟಕದ ಸೂತ್ರದ ಪ್ರಕಾರ ಅದು 12 ಸೆಕೆಂಡಿನಲ್ಲಿ ಮುಗಿಯಬೇಕು. ಹೀಗಾಗಿ ಅಲ್ಲೂ ಸೂತ್ರ ಕೈಕೊಡುತ್ತದೆ ಎಂದೇ ಹೇಳಬೇಕಾಯಿತು.

ಇಂಥ ಕೋಷ್ಟಕಗಳನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಓದುಗರಿಗೆ ಅವು ಬೇಕು, ನನಗೂ ಬೇಕು. ದೂರದ ಅಂಕಣದ ತಲೆಯ ಮೇಲೆ ‘ನಿಲ್ದಾಣಗಳ ನಡುವಿನ ನೇರ ದೂರ, ಕಿಲೋಮೀಟರಿನಲ್ಲಿ’ ಎಂದು ಬರೆಯಿರಿ. ಅವಧಿಯ ಅಂಕಣದಲ್ಲಿ ಭಾಗಾಕಾರದ ಬದಲು ವೇಳಾಪಟ್ಟಿಯಲ್ಲಿರುವ ಹೊರಡುವ ಮತ್ತು ತಲುಪುವ ವೇಳೆಗಳ ನಡುವಿನ ಅಂತರವನ್ನು ಕೊಡಿ, ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆಯಾಗಿ. ಎರಡು ನಿಲ್ದಾಣಗಳು ಬೇರೆ ಬೇರೆ ಕಾಲವಲಯದಲ್ಲಿದ್ದರೆ ಕಳೆಯುವ ಮುಂಚೆ ಎರಡನ್ನೂ ಒಂದೇ ಗಡಿಯಾರಕ್ಕೆ ತನ್ನಿ. ಯಾವ ಮಾದರಿಯ ವಿಮಾನ ಎಂಬುದನ್ನೂ ಒಂದು ಪದದಲ್ಲಿ ಸೇರಿಸಿದರೆ ಉಪಕಾರವಾಗುತ್ತದೆ. ನೇರ ವಿಮಾನವಿಲ್ಲದ ಜೋಡಿಯಾದರೆ ಅವಧಿಯ ಜಾಗವನ್ನು ಖಾಲಿ ಬಿಡುವುದೇ ಮೇಲು; ಕೋಷ್ಟಕದ ಕೊನೆಯ ನಾಲ್ಕು ಸಾಲುಗಳು ಅಂಥವೇ ಎಂದು ಕಾಣುತ್ತದೆ, ಅಲ್ಲಿ ಈಗ ನೇರ ಹಾರಾಟವಿಲ್ಲದಿದ್ದರೂ ನಿಮಿಷಗಳನ್ನು ನಮೂದಿಸಲಾಗಿದೆ.

ತಿದ್ದುಪಡಿ ಪ್ರಕಟಿಸುವುದಾದರೆ ಆರನೆಯ ಸಾಲಿನ ದೂರ 280 ಹಾಗೆಯೇ ಇರಲಿ, ಹದಿನೇಳನೆಯ ಸಾಲಿನ 151 ಕೂಡ 280 ಆಗಲಿ. ಆರನೆಯ ಸಾಲಿನ ಅವಧಿಗೆ ನನ್ನ ಟಿಕೆಟಿನಲ್ಲಿದ್ದಂತೆ 1 ಗಂಟೆ 5 ನಿಮಿಷ ಎಂದು ಹಾಕಬಹುದು. ಹದಿನೇಳನೆಯ ಸಾಲಿನದಕ್ಕೆ ವೇಳಾಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಬೇಕು. ನಾನು ಬರುವಾಗ ರೈಲಿನಲ್ಲಿ ಬಂದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಾರಾಟ ಯೋಜನಾ ಸಿಬ್ಬಂದಿ